ಮೂರನೇ ತಿಂಗಳಲ್ಲಿ ಮುಂದಿಡುವ ರಾಜೀನಾಮೆ ಕಾಗದ

ಬಸಿರಾದ ಸುದ್ದಿಯನ್ನು ಮೂರು ತಿಂಗಳು ತುಂಬುವ ತನಕ ಹೊರಗೆ ಬಿಡಬಾರದೆಂಬುದು ಅನೇಕ ಮನೆಗಳ ರೂಢಿ. ದುಡಿಯುವ ಹೆಂಗಸಿಗೆ ಈ ರೂಢಿಯೇ ದುಬಾರಿಯಾಗುತ್ತದೆ. ವಾಂತಿ, ತಲೆಸುತ್ತು ಕಾಡುವುದು ಆ ದಿನಗಳಲ್ಲೇ; ಹಾಜರಿ ಪುಸ್ತಕದಲ್ಲಿ ಕಾರಣವಿಲ್ಲದ ಗೈರು ಬೀಳುವುದೂ ಆ ದಿನಗಳಲ್ಲೇ. ಹೈದರಾಬಾದಿನ ಕೋಠಿ, ಅಮೀರ್‌ಪೇಟೆಯ ಅಂಗಡಿಗಳಲ್ಲೂ ಜೀಡಿಮೆಟ್ಲದ ಕಾರ್ಖಾನೆಗಳಲ್ಲೂ ದುಡಿಯುವ ಬೀದರ್, ಕಲಬುರಗಿ ಕಡೆಯ ಹೆಣ್ಣುಮಕ್ಕಳು ಕೆಲಸ ಕಳೆದುಕೊಳ್ಳುವುದು ಹೆಚ್ಚಾಗಿ ಹೆರಿಗೆಯ ಹೊತ್ತಿಗಲ್ಲ, ಅದಕ್ಕೂ ಐದಾರು ತಿಂಗಳು ಮೊದಲು.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳಸಹಿತ ರಜೆ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಹಕ್ಕುಗಳು ಬಹುಪಾಲು ಹಾಗೆಯೇ ಉಳಿದಿವೆ. ‘ಹಳೇ ಕಾನೂನು ಹೋಯಿತಲ್ಲ’ ಎಂದು ಹೇಳಿ ಬಾಗಿಲು ತೋರಿಸುವ ಮ್ಯಾನೇಜರ್ ಸುಳ್ಳು ಹೇಳುತ್ತಿದ್ದಾನೆ. ಕಾರ್ಖಾನೆಗಳಿಗೆಲ್ಲ ಇದು ಅನ್ವಯ. ಅಂಗಡಿಯಲ್ಲಿ 10 ಅಥವಾ ಹೆಚ್ಚು ಜನ ಕೆಲಸಕ್ಕಿರಬೇಕು. ಮನೆಗೆಲಸದವರಿಗೆ ಈ ರಜೆಯಿಲ್ಲ. ಇಬ್ಬರು ಮಕ್ಕಳಿದ್ದು ಮೂರನೆಯದಾದರೆ 12 ವಾರ ಮಾತ್ರ. ದಿನಗೂಲಿಯವರಿಗೂ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಡುವೆ ಗುತ್ತಿಗೆ ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕು ಎಂದದ್ದು 2023ರಲ್ಲಿ.

ಹೊಸದಾಗಿ ಸೇರಿದವರಿಗೆ ಏನೂ ಸಿಗದು ಎಂಬ ಮಾತನ್ನು ಕೇಳಿ ಸುಮ್ಮನಾಗುವವರು ಬಹಳ. ಹೆರಿಗೆಯ ನಿರೀಕ್ಷಿತ ದಿನದಿಂದ ಹಿಂದಕ್ಕೆ ಎಣಿಸಿ, 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಬಸಿರಿಗೆ 12 ವಾರ ತುಂಬಿದ ಮೇಲೆ ಕೆಲಸಕ್ಕೆ ಸೇರಿ, ಹೆರಿಗೆಗೆ 8 ವಾರ ಇರುವಾಗ ರಜೆ ಹಾಕಿದಳೆನ್ನಿ. ನಡುವೆ 20 ವಾರ, ವಾರಕ್ಕೆ 6 ದಿನದಂತೆ 120 ದಿನ. ವಾಂತಿಯಿಂದ ಒಂದು ತಿಂಗಳು ಮಲಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುವವರ ಲೆಕ್ಕ ಬೇರೆ. ಸಂಬಳ 21,000 ರೂಪಾಯಿಯೊಳಗಿದ್ದರೆ ಹಣ ಕೊಡುವುದು ಮಾಲೀಕನಲ್ಲ, ಇಎಸ್‌ಐ ನಿಗಮ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಕಟ್ಟಿರಬೇಕು. ಸಂಬಳದಲ್ಲಿ ಹಿಡಿದ ದುಡ್ಡನ್ನು ಕಟ್ಟದೆ ಜೇಬಿಗಿಳಿಸುವ ಗುತ್ತಿಗೆದಾರರಿದ್ದಾರೆ. ಆದ್ದರಿಂದ ಸನತ್‌ನಗರದ ಇಎಸ್‌ಐ ಆಸ್ಪತ್ರೆಗೆ ಮೊದಲ ಸಲ ಹೋಗುವ ಮುಂಚೆಯೇ ತನ್ನ ವಿಮಾ ಸಂಖ್ಯೆಯಲ್ಲಿ ಹಣ ಜಮೆಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ಮೊದಲ ತಿಂಗಳುಗಳಲ್ಲಿ ನಿಂತು ಮಾಡುವ ಕೆಲಸ, ಭಾರ ಎತ್ತುವ ಕೆಲಸ ಬೇಡವೆನ್ನಲು ಈ ಕಾನೂನಿನಲ್ಲಿ ದಾರಿಯಿಲ್ಲ. ಆ ರಕ್ಷಣೆ ಇರುವುದು ಕೊನೆಯ ತಿಂಗಳುಗಳಿಗೆ. ಆದರೆ ಬಸಿರಿನಿಂದಲೇ ಕಾಯಿಲೆಯಾದರೆ 26 ವಾರದ ಹೊರತಾಗಿ ಒಂದು ತಿಂಗಳವರೆಗೆ ಸಂಬಳಸಹಿತ ರಜೆ ಉಂಟು. ಇದನ್ನು ಯಾವ ಕಚೇರಿಯೂ ತಾನಾಗಿ ಹೇಳುವುದಿಲ್ಲ. ಇಲ್ಲಿ ಕೆಡುವುದು ಡಾಕ್ಟರ ಚೀಟಿಯ ಒಂದು ಸಾಲಿನಿಂದ. ‘ವಾಂತಿ, ಸುಸ್ತು’ ಎಂದಷ್ಟೇ ಬರೆದರೆ ಅದು ಸಾಮಾನ್ಯ ಕಾಯಿಲೆ. ಇಎಸ್‌ಐಯಲ್ಲಿ ಸಂಬಳದ ನೂರಕ್ಕೆ 70ರಷ್ಟು ಮಾತ್ರ ಸಿಗುತ್ತದೆ. ‘ಗರ್ಭಧಾರಣೆಯಿಂದ ಉಂಟಾದ ವಾಂತಿ’ ಎಂದಿದ್ದರೆ ಪೂರ್ತಿ. ಚೀಟಿ ಕೈಗೆ ಬಂದಾಗ ಅಲ್ಲೇ ಓದಿಸಿಕೊಂಡು ಏಳಬೇಕು.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಮುಳುಗಿಸುವುದು ರಾಜೀನಾಮೆ. ಗೈರು ಹೆಚ್ಚಾದಾಗ ಮೇಲ್ವಿಚಾರಕ ಗದರುವುದಿಲ್ಲ, ಮಗಳಂತೆ ಮಾತಾಡಿಸುತ್ತಾನೆ: ‘ನೋಡಮ್ಮಾ, ಈಗ ಆರಾಮ ಮಾಡು. ಒಂದು ಸೈನ್ ಹಾಕು, ಹೆರಿಗೆ ಆದ ಮೇಲೆ ನಿನ್ನ ಜಾಗ ನಿನಗೇ.’ ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಸಹಿಗೆ ಇದೆ. ಬಸುರಿಯನ್ನು ಮಾಲೀಕ ತಾನಾಗಿ ತೆಗೆದುಹಾಕಿದರೂ, ಗಂಭೀರ ದುರ್ನಡತೆಯ ಲಿಖಿತ ಆದೇಶ ಇಲ್ಲದಿದ್ದರೆ, ಆಕೆಗೆ ಬರಬೇಕಾದ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ. ತಾನೇ ಬಿಟ್ಟವಳಿಗೆ ಆ ಆಸರೆ ಇಲ್ಲ. ಹೀಗಾಗಿ ಚತುರ ಮಾಲೀಕ ಯಾರನ್ನೂ ತೆಗೆಯುವುದಿಲ್ಲ, ಬರೆಸಿಕೊಳ್ಳುತ್ತಾನೆ.

ಕಾಗದ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುತ್ತದೆ. ಕನ್ನಡ ಓದಬಲ್ಲವಳು ತೆಲುಗು ಅಕ್ಷರಗಳನ್ನು ಕೂಡಿಸಿ ಓದುವುದು ಕಷ್ಟವಲ್ಲ. ತೆಲುಗಿನಲ್ಲೂ ಅದು ‘ರಾಜೀನಾಮಾ’ವೇ. ಆ ನಾಲ್ಕು ಅಕ್ಷರ ಕಂಡರೆ ಪೆನ್ನು ಕೆಳಗಿಡಬೇಕು. ಸಂಬಳದ ಬಾಕಿ ಕೊಡುವ ನೆಪದಲ್ಲಿ ಖಾಲಿ ಕಾಗದಕ್ಕೆ, ತಾರೀಕಿಲ್ಲದ ಕಾಗದಕ್ಕೆ ಸಹಿ ಕೇಳಿದರೂ ಅಷ್ಟೇ. ಆಗಲೇ ಸಹಿ ಹಾಕಿಯಾಗಿದ್ದರೆ ಅದನ್ನು ಅವರು ಅಂಗೀಕರಿಸುವ ಮುನ್ನವೇ ‘ಹಿಂದಕ್ಕೆ ಪಡೆದಿದ್ದೇನೆ’ ಎಂದು ಬರೆದು, ಅದೇ ದಿನ ವಾಟ್ಸಾಪಿನಲ್ಲೂ ಸ್ಪೀಡ್ ಪೋಸ್ಟಿನಲ್ಲೂ ಕಳಿಸಬೇಕು. ಎರಡು ವಾರ ಕಾದು ವಕೀಲರ ಬಳಿ ಬಂದರೆ ಉಳಿಯುವುದು ಒತ್ತಾಯದಿಂದ ಬರೆಸಿಕೊಂಡರೆಂಬ ವಾದ. ಅದನ್ನು ಸಾಬೀತುಮಾಡುವ ಹೊರೆ ಆಕೆಯ ತಲೆಯ ಮೇಲೇ.

ಇದಕ್ಕೆಲ್ಲ ಬುನಾದಿ ಬಸಿರಿನ ಸುದ್ದಿ ಮಾಲೀಕನಿಗೆ ಬರಹದಲ್ಲಿ ತಿಳಿದಿತ್ತೆಂಬ ಪುರಾವೆ. ಊರಿಗೆಲ್ಲ ಸಾರಬೇಕಿಲ್ಲ. ತಾರೀಕಿರುವ ಓಪಿ ಚೀಟಿಯ ಫೋಟೋ ಜೊತೆಗೆ ಎರಡು ಸಾಲಿನ ಸಂದೇಶ ಕಳಿಸಿದರೂ ದಾಖಲೆಯೇ. ಹೆರಿಗೆ ರಜೆಯ ನೋಟಿಸು ಆಮೇಲಿನ ಮಾತು. ಅದು ತಡವಾದರೂ ಹಕ್ಕು ಹೋಗದು.

ಗರ್ಭ ನಿಲ್ಲದೆ ಹೋದರೆ, ಅಥವಾ ಕಾನೂನುಬದ್ಧವಾಗಿ ತೆಗೆಸಿದರೆ, ಮರುದಿನದಿಂದ 6 ವಾರ ಸಂಬಳಸಹಿತ ರಜೆ. ಸಂಕೋಚದಿಂದ ‘ಜ್ವರ’ ಎಂದು ರಜೆ ಬರೆದವರು ಇದನ್ನು ಕಳೆದುಕೊಳ್ಳುತ್ತಾರೆ. 18 ತುಂಬಿದ ಹೆಂಗಸಿನ ಗರ್ಭಪಾತಕ್ಕೆ ಗಂಡನ ಸಹಿಯನ್ನು 1971ರ ಕಾಯ್ದೆ ಕೇಳುವುದಿಲ್ಲ; ಆಸ್ಪತ್ರೆಗಳು ತಮ್ಮ ಅನುಕೂಲಕ್ಕೆ ಕೇಳುತ್ತವೆ, ಅಷ್ಟೇ.

ತವರು ಬೀದರಿನಲ್ಲಿದ್ದು ಹೆರಿಗೆ ಅಲ್ಲೇ ಆದರೂ ದೂರು ಕೊಡುವುದು ಕೆಲಸವಿರುವ ಊರಿನಲ್ಲಿ. 1956ರವರೆಗೆ ಬೀದರ್, ಹೈದರಾಬಾದ್ ಎರಡೂ ಒಂದೇ ರಾಜ್ಯ; ಈಗ ಗಡಿ ನಡುವಿದೆ, ಅಲ್ಲಿಂದಿಲ್ಲಿಗೆ ಅಲೆಸುವುದು ಗುಮಾಸ್ತರಿಗೆ ಸುಲಭ. ಹೈದರಾಬಾದಿನಲ್ಲಿ ಕಾರ್ಮಿಕ ಇಲಾಖೆ ಇರುವುದು ಆರ್‌ಟಿಸಿ ಕ್ರಾಸ್‌ರೋಡ್ಸ್ ಬಳಿಯ ಅಂಜಯ್ಯ ಕಾರ್ಮಿಕ ಭವನದಲ್ಲಿ. ಕೆಲಸದಿಂದ ತೆಗೆದ ಆದೇಶ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ‘ನಾಳೆ ಬಾ’ ಎಂಬ ಮಾತಿನಲ್ಲೇ ಈ 60 ದಿನ ಕರಗುವುದುಂಟು. ಮನವಿ ಕೊಟ್ಟಾಗ ನಕಲಿನ ಮೇಲೆ ಮುದ್ರೆ, ತಾರೀಕು ಹಾಕಿಸದೆ ಕೌಂಟರ್ ಬಿಡಬಾರದು. ಗೇಟಿನ ಬಳಿ ‘ಕೇಸು ಹಾಕಿಸಿಕೊಡ್ತೀನಿ’ ಎಂದು ಐದು ಸಾವಿರ ಕೇಳುವವನಿಗೆ ಕೊಡಬೇಕಾದ್ದು ಏನೂ ಇಲ್ಲ: 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಂಗಸಿಗೆ ವಕೀಲರು ಉಚಿತ. ಅದಕ್ಕೆ ಕರೆ ಮಾಡುವ ಸಂಖ್ಯೆ 15100.