ಹೊಳೆಯ ಹೂಳು ಮತ್ತು ನಮ್ಮ ಸೊಪ್ಪಿನ ಬುಟ್ಟಿ

ಈ ವಾರ ಹೈದರಾಬಾದಿನ ಮೂಸಿ ನದಿಯ ಮಾತು. ಬೇರೆ ಊರಿನಲ್ಲಿರುವವರೂ ಓದಿ, ಕೊಳಚೆ ಹರಿಯುವ ಹೊಳೆ ಎಲ್ಲ ನಗರದಲ್ಲೂ ಇದೆ.

ಮೊದಲು ನನ್ನದೇ ತಪ್ಪು ಹೇಳುತ್ತೇನೆ. ಎರಡು ವರ್ಷದ ಹಿಂದೆ ಮೂಸಿ ದಂಡೆಯಿಂದ ಎರಡು ಚೀಲ ಕಪ್ಪು ಮಣ್ಣು ತರಿಸಿ ಟೆರೇಸಿನ ಕುಂಡಗಳಿಗೆ ತುಂಬಿಸಿದೆ. ಮೆಂತ್ಯೆ, ಪಾಲಕ್, ಪುಂಡಿಪಲ್ಯ ಹುಲುಸಾಗಿ ಬಂದವು. ಮೂರು ವರ್ಷದ ಮೊಮ್ಮಗಳು ಅದೇ ಮಣ್ಣಲ್ಲಿ ಆಡಿ ಕೈ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

1908ರ ಮಹಾಪೂರದ ನಂತರ ನಮ್ಮ ವಿಶ್ವೇಶ್ವರಯ್ಯನವರ ಸಲಹೆಯಂತೆ ನಗರದ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿದರು. ಪೂರದ ಹಾವಳಿ ತಗ್ಗಿತು, ಕುಡಿಯುವ ನೀರೂ ಸಿಕ್ಕಿತು. ಆದರೆ ಊರು ಬೆಳೆದಂತೆ ಕೆಳಗಿನ ನದಿಗೆ ಉಳಿದದ್ದು ಬಹುಪಾಲು ಚರಂಡಿ ನೀರು. ಅದರ ಜೊತೆ ಲೋಹದ ಲೇಪನದ ಅಂಗಡಿ, ಬ್ಯಾಟರಿ ಗುಜರಿ, ಬಣ್ಣ, ರಸ್ತೆಯ ಧೂಳು.

ಸೀಸ, ಕ್ಯಾಡ್ಮಿಯಂನಂಥ ಲೋಹಗಳು ನೀರಿನ ಜೊತೆ ಪೂರ್ತಿ ಹರಿದು ಹೋಗುವುದಿಲ್ಲ. ನುಣ್ಣನೆಯ ಜೇಡಿಮಣ್ಣಿಗೆ, ಕೊಳೆತ ಕಸಕ್ಕೆ ಅಂಟಿಕೊಂಡು ತಳದಲ್ಲಿ ಕೂರುತ್ತವೆ. ಎಲೆ ಕೊಳೆತರೆ ಗೊಬ್ಬರವಾದೀತು, ಸೀಸ ಕೊಳೆಯುವುದಿಲ್ಲ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ರಲ್ಲೇ ನಿಂತಿತು. ಆ ಕಾಲದ ಸೀಸ ಹೂಳಿನಲ್ಲಿ ಇನ್ನೂ ಇರಬಹುದು. ಗಾಳಿಯಿಲ್ಲದ ತಳದಲ್ಲಿ ಲೋಹಗಳು ಗಂಧಕದ ಜೊತೆ ಸೇರಿ ಸುಮ್ಮನಿರುತ್ತವೆ. ಹೂಳಿನ ಕಪ್ಪು ಬಣ್ಣಕ್ಕೂ ಹೆಚ್ಚಾಗಿ ಕಾರಣ ಕಬ್ಬಿಣ-ಗಂಧಕದ ಈ ಜೋಡಿಯೇ, ಫಲವತ್ತತೆ ಅಲ್ಲ. ಹೂಳು ಎತ್ತಿ ದಂಡೆಗೆ ಹಾಕಿದಾಗ ಗಾಳಿ ತಾಗಿ ಬಂಧ ಸಡಿಲವಾಗುತ್ತದೆ, ಗಿಡದ ಬೇರಿಗೆ ಲೋಹ ಸಿಗುತ್ತದೆ. ನಾನು ಮನೆಗೆ ತಂದದ್ದು ಅದನ್ನೇ.

ಮೂಸಿ ನೀರಿನಲ್ಲಿ ಸೊಪ್ಪೂ ಬೆಳೆಯುತ್ತದೆ, ಎಮ್ಮೆಗೆ ಹಾಕುವ ಹುಲ್ಲೂ ಬೆಳೆಯುತ್ತದೆ. ಹಾಲಿಗೆ ಬರುವ ಪಾಲು ಸಣ್ಣದು, ಸೊಪ್ಪಿನ ದಾರಿ ನೇರ. ಸೀಸ ಬಹುಮಟ್ಟಿಗೆ ಎಲೆಯ ಮೇಲಿನ ಮಣ್ಣು-ಧೂಳಿನಲ್ಲಿರುತ್ತದೆ. ಬೇರು ಕತ್ತರಿಸಿ ಮೂರು-ನಾಲ್ಕು ನೀರಿನಲ್ಲಿ ತೊಳೆದರೆ ಎಷ್ಟೋ ಹೋಗುತ್ತದೆ. ಕ್ಯಾಡ್ಮಿಯಂ ಬೇರಿನಿಂದ ಎಲೆಯ ಒಳಗೇ ಹೋಗಿ ಕೂರುವುದರಿಂದ ತೊಳೆದರೆ ಹೋಗದು. ಕುದಿಸಿದರೆ ಸಾಯಲು ಇವು ಕ್ರಿಮಿಗಳೂ ಅಲ್ಲ. ಆದ್ದರಿಂದ ವಾರವೆಲ್ಲ ಒಂದೇ ಗಾಡಿಯ ಸೊಪ್ಪು ಬೇಡ. ಬೇರೆ ಬೇರೆ ಕಡೆಯದು ತನ್ನಿ, ನಡುನಡುವೆ ಅವರೆ, ಸೋರೆ, ಹೀರೆ ಮಾಡಿ. ಸಾಮಾನ್ಯವಾಗಿ ಕಾಯಿಗೆ ಎಲೆಗಿಂತ ಕಡಿಮೆ ಲೋಹ ಏರುತ್ತದೆ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಜಪಾನಿನ ಜಿಂಜು ನದಿಯ ನೀರಿನಲ್ಲಿ ಬೆಳೆದ ಅಕ್ಕಿ ಉಂಡವರ ಮೂಳೆಗಳು ಮುರಿಯುವಷ್ಟು ಸಡಿಲವಾಗಿದ್ದವು. ಸೀಸಕ್ಕೆ ಮಕ್ಕಳ ಮೆದುಳೇ ಗುರಿ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಿಣಿಯಿಂದ ಮಗುವಿಗೂ ದಾಟುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ಮಗುವಿನ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಇಲ್ಲಿ ನಮ್ಮ ರಾಗಿ ಉಪಯೋಗಕ್ಕೆ ಬರುತ್ತದೆ. 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ರಾಗಿಯಾಗಲಿ, ಇದೇ ವಾಟ್ಸಾಪಿನಲ್ಲಿ ಬರುವ "ವಿಷ ತೆಗೆಯುವ ಕಷಾಯ"ವಾಗಲಿ ಒಳಗೆ ಸೇರಿದ ಸೀಸವನ್ನು ಹೊರಗೆ ಹಾಕುವುದಿಲ್ಲ. ಅದಕ್ಕೆ ಔಷಧಿ ಬೇರೆ ಇದೆ, ವೈದ್ಯರ ಕೈಯಲ್ಲೇ ಆಗಬೇಕು.

ಅನುಮಾನವಿದ್ದರೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತೆಗೆಯಬೇಕು. ಮೊಮ್ಮಗಳದು ಅದಕ್ಕಿಂತ ಕಡಿಮೆ ಬಂತು. ವರದಿ ಬರುವವರೆಗೆ ಸೊಸೆ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ, ಅವಳ ಸಿಟ್ಟು ನ್ಯಾಯವೇ. ಈಗ ಆ ಕುಂಡಗಳನ್ನು ಮಗುವಿನ ಕೈಗೆ ಎಟುಕದ ಮೂಲೆಗೆ ಸರಿಸಿ, ಮೇಲೆ ಜಲ್ಲಿ ಹರಡಿ ದಾಸವಾಳ ನೆಟ್ಟಿದ್ದೇವೆ.