ಎರಡನೇ ಬಾಣ



ಕಳೆದ ವರ್ಷ ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನದ ಕರಪತ್ರ ಹಂಚುತ್ತಿದ್ದೆ. ಒಂದು ಮನೆಯ ಗೇಟಿನ ಪೋಸ್ಟ್ ಡಬ್ಬಿಗೆ ಕೈ ಹಾಕಿದೆ. ಒಳಗಿಂದ ನಾಯಿ ಹಾರಿ ಬೆರಳು ಕಚ್ಚಿತು. ಮನೆಯವರು ಕಿಟಕಿಯಿಂದ ನೋಡಿದರು, ಹೊರಗೆ ಬರಲಿಲ್ಲ.

ಅವ್ವ ಸುಣ್ಣ, ಅರಿಶಿನ ಹಚ್ಚಲು ಬಂದಳು. ರೂಢಿಯೆಂಬ ಕಾರಣಕ್ಕೇ ಏನನ್ನೂ ಒಪ್ಪಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದ್ದು ನೆನಪಾಯಿತು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋದೆ. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆಗೆ ಗಾಯಕ್ಕೂ ಇಮ್ಯುನೊಗ್ಲೋಬ್ಯುಲಿನ್ ಚುಚ್ಚಿದರು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಹಾಗಾಗಿ ಒಂದು ಡೋಸೂ ತಪ್ಪಿಸಲಿಲ್ಲ.

ಬೆರಳು ಮಾಯಿತು, ಮನಸ್ಸು ಮಾಯಲಿಲ್ಲ. ಬಾಬಾಸಾಹೇಬರ ಚಿತ್ರ ಕಂಡೇ ಅವರು ಸುಮ್ಮನಿದ್ದರೇ? ದಿನವೂ ಅದೇ ಯೋಚನೆ.

ಸಂಯುತ್ತ ನಿಕಾಯದಲ್ಲಿ ಬುದ್ಧರು ಎರಡು ಬಾಣಗಳ ಹೋಲಿಕೆ ಕೊಡುತ್ತಾರೆ. ಮೊದಲನೆಯದು ಮೈಯ ನೋವು, ಎರಡನೆಯದು ಅದಕ್ಕಾಗಿ ಮನಸ್ಸು ಪಡುವ ಸಂಕಟ. ಜಾತಿಯ ಅವಮಾನ ನಮಗೆ ಕಲ್ಪನೆಯಲ್ಲ, ಕಂಡಾಗ ಎದುರಿಸಲೇಬೇಕು. ಆದರೆ ಇಲ್ಲಿ ನಾನು ಕಂಡದ್ದು ಒಂದು ಕಿಟಕಿ ಮಾತ್ರ. ಉಳಿದದ್ದನ್ನು ಊಹಿಸಿ ಎರಡನೇ ಬಾಣವನ್ನು ನಾನೇ ಚುಚ್ಚಿಕೊಂಡಿದ್ದೆ. ನಾಯಿಗಂತೂ ಜಾತಿ ಗೊತ್ತಿಲ್ಲ, ಅದು ತನ್ನ ಮನೆ ಕಾಯುತ್ತಿತ್ತು. ಎಲ್ಲ ಜೀವಿಗಳ ಮೇಲೆ ಕರುಣೆ ಇಡುವುದು ನಮ್ಮ 22 ಪ್ರತಿಜ್ಞೆಗಳಲ್ಲೊಂದು.

ಈ ವರ್ಷ ಮತ್ತೆ ಅದೇ ಬೀದಿಗೆ ಹೋದೆ. ಡಬ್ಬಿಗೆ ಕೈ ಹಾಕಲಿಲ್ಲ. ಗೇಟು ತಟ್ಟಿ, ಕರೆದು, ಕಾದು ನಿಂತೆ.

ಇಂದಿನ ಅಭ್ಯಾಸ: ನೋವಾದಾಗ ಕೇಳಿಕೊಳ್ಳಿ, ಇದು ಮೊದಲನೇ ಬಾಣವೋ, ಎರಡನೆಯದೋ?