ಗಾಜಿನ ಮಣಿ ಬಿರಿಯುವುದೇಕೆ?

ಒಡೆದ ಬಳೆಚೂರುಗಳನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ ಸರ ಮಾಡೋ ಆಟ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಟಾರ್ಚಿನಲ್ಲಿ ಮಣಿ ಮಾಡುವುದೂ ಅದೇ ಜಾತಿಯ ಕೆಲಸ. ಟಾರ್ಚ್ ಅಂದ್ರೆ ಬ್ಯಾಟರಿಯದಲ್ಲ, ಗ್ಯಾಸ್ ಉರಿಯದು. ಕಲಿತವರು ಪಕ್ಕದಲ್ಲಿ ಇಲ್ಲದೆ ಮುಟ್ಟಬೇಡಿ.

ಉಕ್ಕಿನ ತೆಳು ಕಡ್ಡಿಗೆ ಜೇಡಿಯಂಥ ಲೇಪ ಹಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಮಣಿ ಕಡ್ಡಿಗೇ ಅಂಟಿಬಿಡುತ್ತೆ. ಗಾಜಿನ ಸರಳನ್ನು ಉರಿಗೆ ಮೆಲ್ಲಗೆ ಒಡ್ಡಿ. ಒಮ್ಮೆಲೇ ಹಿಡಿದರೆ ಚಟ್ಟನೆ ಸಿಡಿಯುತ್ತೆ. ತುದಿ ಜೇನಿನಂತಾದಾಗ ಕಡ್ಡಿಗೆ ಸುತ್ತಿ, ತಿರುಗಿಸುತ್ತಲೇ ಇರಬೇಕು. ಮಣಿಯನ್ನು ದುಂಡಗೆ ಮಾಡುವುದು ಕೈಯಲ್ಲ, ಮೇಲ್ಮೈ ಎಳೆತ. ತಿರುಗಿಸುವುದು ನಿಂತರೆ ಗುರುತ್ವದಿಂದ ಜೋತುಬೀಳುತ್ತದೆ.

ಹೊಸಬರು ಸೋಲುವುದು ಆಮೇಲೆ. ಮಣಿಯನ್ನು ಹಾಗೇ ಗಾಳಿಗಿಟ್ಟರೆ ಹೊರಮೈ ಮೊದಲು ಆರಿ ಗಟ್ಟಿಯಾಗುತ್ತದೆ. ಒಳಗಿನ ಗಾಜು ನಂತರ ಆರುತ್ತಾ ಕುಗ್ಗಲು ನೋಡಿದರೆ ಹೊರಚಿಪ್ಪು ಬಿಡದು. ಆ ಎಳೆದಾಟ ಒಳಗೇ ಉಳಿದು, ಮಣಿ ಅಂದೇ ಬಿರಿಯಬಹುದು, ವಾರ ಬಿಟ್ಟೂ ಬಿರಿಯಬಹುದು. ಅದಕ್ಕೇ ಸುಮಾರು 500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟು, ಗಂಟೆಗಟ್ಟಲೆ ನಿಧಾನವಾಗಿ ಆರಿಸುತ್ತಾರೆ.

ಎರಡು ಬಗೆಯ ಗಾಜು ಬೆರೆಸಿದರೆ? ಬಿಸಿಗೆ ಕಿಟಕಿ ಗಾಜು ಹಿಗ್ಗುವುದರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ನಮ್ಮ ಲ್ಯಾಬಿನ ಬೋರೋಸಿಲಿಕೇಟ್ ಬೀಕರ್ ಹಿಗ್ಗುತ್ತದೆ. ಅಂಥ ಜೋಡಿಯನ್ನು ಯಾವ ಕುಲುಮೆಯೂ ಉಳಿಸದು.